ಮುಟ್ಟಿತು

ಕೌಲ್ ಬಜಾರಿನ ಈ ಮೂರನೇ ಮಹಡಿಗೆ
ಕೆಳಗಿನ ಜೀನ್ಸ್ ಹೊಲಿಗೆಯಿಂದ ನೀಲಿ ನವಿರು ಏರಿ ಬರುತ್ತದೆ,
ಕಿಟಕಿಯಿಂದ ಅದಿರು ಲಾರಿಗಳ ಕೆಂಪು.
ರಿಸೀವರಿನ ಫ್ಯಾನಿನ ಜಾಲರಿ ಬಿಚ್ಚಿ ಕೊಡವಿದರೆ
ಎರಡೂ ಕೂಡಿ ಬೀಳುವುದು ಬದನೆಕಾಯಿ ಬಣ್ಣ.
ತಿಂಗಳಿಗೆ ಎರಡು ಸಲ, ಹಳೇ ಷೇವಿಂಗ್ ಬ್ರಷ್ಷಿನಿಂದ.
ಬ್ರಷ್ಷು ಶೇಕ್ಷಾವಲಿ ಮಾಮನದು.
"ಗಡ್ಡ ಬಿಟ್ಟ ಮ್ಯಾಲೆ ಇದಕ್ಕೂ ಒಂದು ನೌಕರಿ ಬೇಕಲ್ಲ" ಅಂದಿದ್ದ.

ಹಳೆಯ ರಿಸೀವರ್ ಇಳಿಸಿ ಹೊಸದು ಕೂಡಿಸುವ ರಾತ್ರಿ
ನಾವಿಬ್ಬರೇ.
ಆರು ನೂರ ಹನ್ನೆರಡು ಖಾತೆ:
ಬೆಂಗಳೂರು ರಸ್ತೆಯ ಬಂಗಾರದಂಗಡಿ,
ಕುಡಿತಿನಿಯ ಎಟಿಎಂ, ಸಿರುಗುಪ್ಪದ ಅಕ್ಕಿ ಗಿರಣಿ,
ಸಂಡೂರಿನಲ್ಲಿ ಯಾರೂ ಇಳಿದುಕೊಳ್ಳದ ಒಂದು ಗೆಸ್ಟ್ ಹೌಸು.
ಲೈನ್ ಕಾರ್ಡುಗಳ ಧೂಳೂದಿ
ಒಂದೊಂದಾಗಿ ಸಂದಿಗೆ ತೂರಿಸುತ್ತ ಮಾಮ ಹೇಳಿದ:

"ಹುಲಿಗಿ, ಕಳ್ಳ ಬಂದಾಗ ಒದರೋದು ದೊಡ್ಡ ಮಾತಲ್ಲ.
ಏನೂ ಆಗದ ದಿನಾನೂ ಅದು ಕೂಗಬೇಕು,
ಇದು ಕೇಳಬೇಕು, ಮುಟ್ಟಿತು ಅನಬೇಕು.
ಆ ಎಳಿ ಹರೀತು ಅಂದ್ರ ನಾವು ಕಾಯೋದು ಬರೇ ಗ್ವಾಡಿ."

ಮುಟ್ಟಿತು ಅಂದರೆ
ಸೆಕೆಂಡೂ ತುಂಬದ ಒಂದು ಸಿಳ್ಳು.
ಅದು ಕೇಳುವ ತನಕ
ಅತ್ತಕಡೆಯ ಪೆಟ್ಟಿಗೆ ಫೋನು ಇಡುವುದಿಲ್ಲ,
ಹೇಳಿದ್ದನ್ನೇ ಹೇಳುತ್ತದೆ
ಲಗ್ನಪತ್ರಿಕೆ ಬಂತೋ ಇಲ್ಲವೋ ಎಂದು
ಊರೂರಿಗೆ ವಿಚಾರಿಸುವ ನನ್ನ ಸೋದರತ್ತೆಯ ಹಾಗೆ.

ಹನ್ನೆರಡಕ್ಕೆ ತಂತಿ ಬದಲಿಸಿದೆವು.
ಏಳು ನಿಮಿಷ ಜಿಲ್ಲೆಯೆಲ್ಲ ಕೂಗಿದ್ದರೂ
ನಮಗೆ ಕಿವಿಯಿರಲಿಲ್ಲ.
ಆಮೇಲೆ ಪರದೆಯ ಮೇಲೆ ಮೊದಲ ಸಾಲು, ಗಿರಣಿ.
ಗಿರಣಿಯ ಹಿಂದೆ ಗೆಸ್ಟ್ ಹೌಸು.
ಮೂರಕ್ಕೆ ನಾನೂರು. ನಾಲ್ಕಕ್ಕೆ ಆರುನೂರ ಹನ್ನೊಂದು.
ಚಹಾದ ಮೇಲೆ ಕೆನೆ ಕಟ್ಟಿತ್ತು.

ನಾಲ್ಕು ನೂರ ಹದಿನೇಳು ಬರಲಿಲ್ಲ.
ಮೋಕಾ ರಸ್ತೆಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜು.
ನಾಲ್ಕನೇ ಸಲಕ್ಕೆ ಕಾವಲಿನ ಗಾದಿಲಿಂಗ ಫೋನೆತ್ತಿದ, ಏದುಸಿರು:
"ಕುರಿ ಈಯಾಕ ಹತ್ತೈತ್ರೀ ಮೇಡಂ.
ಕರೆಂಟಿಲ್ಲ. ಜನರೇಟ್ರು ಮಷೀನಿಗಷ್ಟ.
ನಿಮ್ಮ ಪೆಟ್ಟಿಗಿ ಬ್ಯಾಟ್ರಿ ಬಿಚ್ಚಿ ಬಲ್ಬು ಹಚ್ಚೀನ್ರೀ,
ಹನ್ನೆರಡು ದಾಟಿತ್ತು ನೋಡ್ರೀ ಆಗ."

ಮುಚ್ಚಳ ತೆರೆದಾಗ ಪೆಟ್ಟಿಗೆ ಕೂಗಿರಬೇಕು,
ಸರಿಯಾಗಿ ಆ ಏಳು ನಿಮಿಷದಲ್ಲಿ.
ಕೂಗಿ, ಸಿಳ್ಳಿಗೆ ಕಾದು, ಮತ್ತೆ ಕೂಗಿ,
ಅಷ್ಟರಲ್ಲಿ ತನ್ನ ಜೀವವೇ ಬಲ್ಬಿನೊಳಗೆ ಹೋಗಿರಬೇಕು.
ಬೈಯಬೇಕೆಂದು ಬಾಯಿ ತೆರೆದೆ. ಮಾಮ ಪಕ್ಕದಿಂದ,
"ಕರ್ರಗದಾವೋ ಬೆಳ್ಳಗದಾವೋ ಕೇಳು."

ಕಾರಣ ತುಂಬುವ ಪಟ್ಟಿಯಲ್ಲಿ
ತಂತಿ ತುಂಡಾಗಿದೆ, ಬ್ಯಾಟರಿ ಇಲ್ಲ, ಸಿಡಿಲು, ಇಲಿ.
ಕುರಿ ಇಲ್ಲ.
ಷರಾ ಅಂಕಣದಲ್ಲಿ ಒತ್ತಿದೆ:
ಎರಡು ಮರಿ. ಒಂದು ಇನ್ನೂ ಎದ್ದಿಲ್ಲ.

ಐದಕ್ಕೆ ಹತ್ತು ನಿಮಿಷವಿದ್ದಾಗ
ನಾಲ್ಕು ನೂರ ಹದಿನೇಳು: ಬ್ಯಾಟರಿ ಸರಿ.
ಅಷ್ಟೇ ಹೇಳುವುದು ಅದಕ್ಕೆ ಬರುವುದು.
ಮರಿಯ ಸುದ್ದಿ ಅದರ ಭಾಷೆಯಲ್ಲಿಲ್ಲ.

ಅದು ಮಾಮನ ಕಡೇ ಪಾಳಿ.
ಆದೋನಿಯ ಮಗಳ ಮನೆಗೆ ಆರರ ಬಸ್ಸು.
ಮೆಟ್ಟಿಲಿಳಿಯುತ್ತ, ತಿರುಗದೆಯೇ,
"ಮುಟ್ಟಿದ ಮ್ಯಾಲೆ ಫೋನ್ ಹಚ್ತೀನಿ."
ಎರಡು ತಾಸಿನ ದಾರಿ.
ಎಂಟಾಯಿತು. ಒಂಬತ್ತು.
ಪಾಳಿ ಮುಗಿದಿದ್ದರೂ ಕೂತೆ, ಜಾಲರಿ ಬಿಚ್ಚಿ
ಮೊನ್ನೆಯಷ್ಟೇ ಉಜ್ಜಿದ್ದನ್ನು ಮತ್ತೆ ಉಜ್ಜಿದೆ.
ಬ್ರಷ್ಷು ಇಲ್ಲೇ ಬಿಟ್ಟಿದ್ದಾನೆ, ಕೂದಲು ಅರ್ಧ ಉದುರಿದೆ.

ಹತ್ತಕ್ಕೆ ನಾನೇ ಹಚ್ಚಿದೆ.
"ಅಯ್ಯ, ಮರೆತೇಬಿಟ್ಟೆ ನೋಡು" ಅಂದ.
ಅವನ ಹಿಂದೆ ಎಲ್ಲೋ ಒಂದು ಕುಕ್ಕರು
ಸಿಳ್ಳು ಹಾಕಿತು.

ಫೋನಿಟ್ಟೆ.